ಮನೆಯ ಹೊಸ್ತಿಲಿನಿಂದ ಬಸ್ ತಂಗುದಾಣದವರೆಗೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಿಕಲಚೇತನರಿಗೆ ರಸ್ತೆ ಸಾರಿಗೆ ಸಂಸ್ಥೆಯು ರಿಯಾಯಿತಿ ದರದ ವಾರ್ಷಿಕ ಪಾಸು ನೀಡುತ್ತದೆ. ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಅದನ್ನು ಬಳಸಬಹುದು. ಆದರೆ ಬಸ್ಸು ನಿಲ್ಲುವ ಸ್ಥಳವನ್ನೇ ತಲುಪಲಾಗದವರಿಗೆ ಆ ಪಾಸು ಪೆಟ್ಟಿಗೆಯೊಳಗಿನ ಕಾಗದವಷ್ಟೇ. ಬಸ್ಸಿನ ಮೆಟ್ಟಿಲನ್ನು ತಗ್ಗಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ. ಹೊಸ್ತಿಲಿನಿಂದ ತಂಗುದಾಣದವರೆಗಿನ ದಾರಿ ಮಾತ್ರ ಬಹುಮಟ್ಟಿಗೆ ಪಂಚಾಯಿತಿಯದೇ.

ಆ ದಾರಿಯಲ್ಲಿ ಮೊದಲು ಎದುರಾಗುವುದು ತೆರೆದ ಚರಂಡಿ. ಅದರ ಮೇಲಿನ ಒಂಟಿ ಚಪ್ಪಡಿ ನಡೆಯುವವರಿಗೆ ಸಾಕು; ಮೂರು ಗಾಲಿಯ ಸೈಕಲ್ಲು ಅದರ ಮೇಲೆ ಸಾಗದು. ಕಾಂಕ್ರೀಟ್ ಹಾಕಿದಾಗ ರಸ್ತೆಯ ಮಟ್ಟ ಏರುತ್ತದೆ, ಪಕ್ಕಕ್ಕೆ ಮಣ್ಣು ತುಂಬುವುದು ಉಳಿದುಹೋಗುತ್ತದೆ. ಅರ್ಧ ಅಡಿಯ ಆ ಅಂಚು ಊರುಗೋಲು ಹಿಡಿದವರಿಗೆ ಗೋಡೆಯೇ ಸರಿ. ಮಳೆಗಾಲದಲ್ಲಿ ತಂಗುದಾಣದ ಮುಂದೆ ನೀರು ನಿಂತರೆ ಬಸ್ಸು ಹತ್ತಾರು ಮಾರು ಮುಂದೆ ಹೋಗಿ ನಿಲ್ಲುತ್ತದೆ, ಓಡಬಲ್ಲವರು ಹತ್ತುತ್ತಾರೆ.

ಉಳಿದವರು ಆಟೋ ಹಿಡಿಯಬೇಕು. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ, ಮಾಸಾಶನಕ್ಕಾಗಿ ಬ್ಯಾಂಕಿಗೆ. ನಡೆಯಲಾಗದೆಂಬುದನ್ನು ರುಜುವಾತುಪಡಿಸಲಿಕ್ಕೂ ಪ್ರಯಾಣ ಮಾಡಲೇಬೇಕು, ಮಾಸಾಶನದ ಒಂದು ಪಾಲು ಬಾಡಿಗೆಗೇ ಕರಗುತ್ತದೆ. ತಾಯಿ ಎತ್ತಿಕೊಂಡು ಪ್ರಾಥಮಿಕ ಶಾಲೆಗೆ ಬಿಡುತ್ತಿದ್ದ ಮಗು ಬೆಳೆದು ಭಾರವಾಗುತ್ತದೆ, ಪ್ರೌಢಶಾಲೆ ಪಕ್ಕದ ಊರಿನಲ್ಲಿರುತ್ತದೆ. ಓದು ಅಲ್ಲಿಗೇ ನಿಲ್ಲುತ್ತದೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 41ನೇ ಪ್ರಕರಣವು ಬಸ್ ನಿಲ್ದಾಣಗಳ ಜೊತೆಗೆ ರಸ್ತೆಗಳೂ ಸುಗಮವಾಗಿರಬೇಕೆಂದು ಹೇಳುತ್ತದೆ. ಇಳಿಜಾರು ಹಾದಿಯ ಪ್ರಮಾಣ 1:12. ಎಂದರೆ, ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದದ ಇಳಿಜಾರು ಬೇಕು. ನಾಲ್ಕು ಅಡಿಯಲ್ಲಿ ಕಟ್ಟಿ ಮುಗಿಸಿದ ಇಳಿಜಾರು ಬಿಲ್ಲಿಗೆ ಸರಿಹೋದೀತು, ಗಾಲಿಕುರ್ಚಿಗೆ ಅಪಾಯಕಾರಿ. (ಅಂತಹವುಗಳ ಮೇಲೆ ಬೈಕು ನಿಲ್ಲಿಸಿರುವುದೂ ಅಪರೂಪವಲ್ಲ.)

ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ. 5ರ ಹಣವನ್ನು ಇದಕ್ಕೆ ಬಳಸಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಚರಂಡಿ, ರಸ್ತೆ, ತಂಗುದಾಣ ಇಡೀ ಊರಿನ ಕಾಮಗಾರಿಗಳು. ಅಗಲ ಚಪ್ಪಡಿ, ಇಳಿಜಾರು, ಕೈಪಿಡಿಕಂಬಿ ಅವುಗಳ ಅಂದಾಜುಪಟ್ಟಿಯಲ್ಲಿಯೇ ಸೇರಿರಬೇಕು. ಮೀಸಲು ಹಣವು ಸಾಧನ ಸಲಕರಣೆ, ಚಿಕಿತ್ಸೆಯಂತಹ ಅಗತ್ಯಗಳಿಗೆ ಉಳಿಯುವುದೇ ನ್ಯಾಯ.

ಯಾವ ಮನೆಯಿಂದ ಯಾರು ಹೊರಬರಲಾಗುತ್ತಿಲ್ಲ ಎಂಬುದನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬಲ್ಲರು. ಕ್ರಿಯಾಯೋಜನೆಗೆ ಮುನ್ನ ವಾರ್ಡಿನ ಸದಸ್ಯರು ಅವರೊಂದಿಗೆ, ಮೂರು ಗಾಲಿಯ ಸೈಕಲ್ಲಿನಲ್ಲಿರುವ ಒಬ್ಬರ ಜೊತೆ, ತಂಗುದಾಣದವರೆಗೆ ಒಮ್ಮೆ ಹೋಗಿಬರಲಿ. ಸೈಕಲ್ಲು ನಿಂತ ಪ್ರತಿಯೊಂದು ಜಾಗವನ್ನೂ ಬರೆದುಕೊಂಡು, ಆ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲಿ.