ಸ್ವಿಚ್ಚಿಗೆ ಬೆಸುಗೆ: ಹೊಸದಾಗಿ ಕಲಿಯುವವರಿಗೆ ಕೆಲವು ಮಾತು

(ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಪಾಠ ಮಾಡುವವರಿಗೆ ಬೆಸುಗೆಯ ವಿಷಯ ಏಕೆ ಬೇಕು ಎಂದು ಕೆಲವರಿಗೆ ಅನಿಸಬಹುದು. ಉತ್ತರ ನಮ್ಮ ಹೊಲಗಳಲ್ಲೇ ಇದೆ. ಮೆಕ್ಕೆಜೋಳಕ್ಕೆ, ದಾಳಿಂಬೆಗೆ ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ನೀವೆಲ್ಲ ನೋಡಿದ್ದೀರಿ. ಬೆನ್ನಿಗೆ ಹೊತ್ತು ನಡೆಯುವಾಗ ಅದು ಅಲುಗಾಡುತ್ತದೆ, ಔಷಧ ಸೋರುತ್ತದೆ, ಧೂಳು ಕೂರುತ್ತದೆ. ಒಂದು ದಿನ ಸ್ವಿಚ್ಚಿನ ಹಿಂದಿನ ತಂತಿ ಕಿತ್ತು ಬರುತ್ತದೆ. ಬ್ಯಾಟರಿ ಸರಿಯಾಗಿದೆ, ಮೋಟಾರೂ ಸರಿಯಾಗಿದೆ. ಜೋಳದ ಕಾಳಿನಷ್ಟು ಬೆಸುಗೆ ಮಾತ್ರ ಬಿಟ್ಟಿದೆ. ಅಷ್ಟಕ್ಕಾಗಿ ರೈತ ಒಂದು ದಿನದ ಕೆಲಸ ಬಿಟ್ಟು ಪೇಟೆಗೆ ಹೋಗುತ್ತಾನೆ. ಟಾರ್ಚು, ಎಮರ್ಜೆನ್ಸಿ ದೀಪ, ಮಕ್ಕಳ ವಿಜ್ಞಾನ ಮಾದರಿ, ಇವೆಲ್ಲದರ ಕಥೆಯೂ ಬಹುಮಟ್ಟಿಗೆ ಇದೇ.

ಮೊದಲು ನನ್ನ ಕ್ಷೇತ್ರವಾದ ಭಾಷೆಯಿಂದಲೇ ಆರಂಭಿಸುತ್ತೇನೆ. ಕನ್ನಡದ ಬೆಸುಗೆ ಎಂಬ ಮಾತು 'ಬೆಸೆ' ಎಂಬ ಕ್ರಿಯಾಪದದಿಂದ ಬಂದದ್ದು. ಉರ್ದುವಿನಲ್ಲಿ ಇದಕ್ಕೆ 'ಟಾಂಕಾ' ಎನ್ನುತ್ತಾರೆ. ದರ್ಜಿ ಬಟ್ಟೆಗೆ ಹಾಕುವ ಹೊಲಿಗೆಗೂ ಅದೇ ಮಾತು. ಇನ್ನೊಂದು ಮಾತು ಎರಡೂ ಭಾಷೆಗಳಿಗೆ ಸೇರಿದ್ದು: ಕಲಾಯಿ. ಉರ್ದುವಿನಲ್ಲಿ 'ಖಲಯೀ' ಎಂದರೆ ತವರ, ತವರ ಬಳಿಯುವ ಕೆಲಸ ಎರಡೂ ಹೌದು. ಒಳಗಿನ ನಿಜ ಹೊರಬಿದ್ದಾಗ ಉರ್ದುವಿನಲ್ಲಿ 'ಖಲಯೀ ಖುಲ್ ಗಯೀ' ಎಂದರೆ ನಾವು ಕನ್ನಡದಲ್ಲಿ 'ಬಣ್ಣ ಬಯಲಾಯಿತು' ಎನ್ನುತ್ತೇವೆ. ಬೆಸುಗೆಯಲ್ಲೂ ಹೀಗೆಯೇ. ಮೇಲೆ ಚೆನ್ನಾಗಿ ಕಂಡು ಒಳಗೆ ಹಿಡಿಯದಿದ್ದರೆ ನಾಲ್ಕು ದಿನದಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಹಿಂದೆ ಓಣಿಗೆ ಬರುತ್ತಿದ್ದ ಕಲಾಯಿಗಾರರನ್ನು ಹಿರಿಯರು ನೆನಪಿಸಿಕೊಳ್ಳಬೇಕು. ಅವರು ಮೊದಲು ಪಾತ್ರೆಯನ್ನು ಉಜ್ಜಿ ಸ್ವಚ್ಛ ಮಾಡುತ್ತಿದ್ದರು. ತಿದಿ ಊದಿ ಪಾತ್ರೆಯನ್ನೇ ಕಾಯಿಸುತ್ತಿದ್ದರು. ನವಸಾಗರ ಹಾಕುತ್ತಿದ್ದರು. ಕಾದ ಪಾತ್ರೆಗೆ ತವರ ತಾಗಿಸಿದೊಡನೆ ಅದು ಕರಗಿ ಹರಡುತ್ತಿತ್ತು. ಅರಿವೆಯಿಂದ ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸ್ವಿಚ್ಚಿಗೆ ತಂತಿ ಬೆಸೆಯುವ ವಿದ್ಯೆಯೂ ಈ ನಾಲ್ಕೇ ಹೆಜ್ಜೆಗಳಲ್ಲಿದೆ. ನವಸಾಗರದ ಬದಲು ಇಲ್ಲಿ ರಾಳ ಇರುತ್ತದೆ, ಅದನ್ನು ಫ್ಲಕ್ಸ್ ಎನ್ನುತ್ತಾರೆ. ಲೋಹದ ಮೇಲಿನ ತೆಳುವಾದ ಕಿಲುಬನ್ನು ತೆಗೆಯುವುದು ಎರಡರದ್ದೂ ಕೆಲಸ.

ಇಂದು ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇದು: ಕಾಯಿಸಬೇಕಾದದ್ದು ಸೋಲ್ಡರನ್ನಲ್ಲ, ಬೆಸೆಯಬೇಕಾದ ಲೋಹವನ್ನು. ಹೊಸಬರು ಐರನ್ನಿನ ತುದಿಯಲ್ಲಿ ಸೋಲ್ಡರ್ ಕರಗಿಸಿ, ಆ ಹನಿಯನ್ನು ತಣ್ಣಗಿನ ತಂತಿಯ ಮೇಲೆ ಇಳಿಸಲು ಹೋಗುತ್ತಾರೆ. ಅದು ತಾವರೆ ಎಲೆಯ ಮೇಲಿನ ನೀರಿನಂತೆ ಗುಂಡಗೆ ಕೂರುತ್ತದೆಯೇ ಹೊರತು ಹಿಡಿಯುವುದಿಲ್ಲ.

ಆದರೆ ಸಣ್ಣ ಸ್ವಿಚ್ಚಿನಲ್ಲಿ ಇದಕ್ಕೆ ವಿರುದ್ಧವಾದ ಒಂದು ತೊಡಕಿದೆ. ಲೋಹದ ಟ್ಯಾಗನ್ನು ಹಿಡಿದಿರುವುದು ಪ್ಲಾಸ್ಟಿಕ್. ಹೆಚ್ಚು ಹೊತ್ತು ಕಾಯಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಟ್ಯಾಗ್ ವಾಲುತ್ತದೆ, ಒಳಗಿನ ಕಾಂಟ್ಯಾಕ್ಟ್ ಸ್ಥಳ ಬಿಡುತ್ತದೆ. ಆಗ ಬೆಸುಗೆ ನಿಲ್ಲುತ್ತದೆ, ಸ್ವಿಚ್ಚೇ ಸಾಯುತ್ತದೆ. ಆದ್ದರಿಂದ ಬಿಸಿ ಸಾಕಷ್ಟು ಇರಬೇಕು, ಸಮಯ ಮಾತ್ರ ಎರಡು ಮೂರು ಸೆಕೆಂಡಿನದಾಗಿರಬೇಕು. ಇದು ಸಾಧ್ಯವಾಗುವುದು ಪೂರ್ವತಯಾರಿಯಿಂದ. ಬೆಸುಗೆ ಮೂರು ಸೆಕೆಂಡಿನದು, ತಯಾರಿ ಹತ್ತು ನಿಮಿಷದ್ದು.

ಸಾಮಾನು ಹೆಚ್ಚೇನೂ ಬೇಡ. 25 ವ್ಯಾಟಿನ ಸೋಲ್ಡರಿಂಗ್ ಐರನ್, ಅದಕ್ಕೊಂದು ಸ್ಟ್ಯಾಂಡ್, ಒದ್ದೆ ಸ್ಪಂಜು, ಒಳಗೆ ರಾಳವಿರುವ ತೆಳು ಸೋಲ್ಡರ್ ತಂತಿ, ಕಟ್ಟರ್, ಸಣ್ಣ ಇಕ್ಕಳ. ಸಾಮಾನ್ಯವಾಗಿ ಸಿಗುವ ಸೋಲ್ಡರಿನಲ್ಲಿ 60 ಭಾಗ ತವರ, 40 ಭಾಗ ಸೀಸ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಎರಡೂ ಬೆರೆತಾಗ 183ರಲ್ಲೇ ಕರಗಲು ತೊಡಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಆದ್ದರಿಂದಲೇ ತಂತಿ ಕರಗದೆ ಬೆಸುಗೆ ಮಾತ್ರ ಕರಗುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಮಿಶ್ರಲೋಹ ಎಂದು ಓದಿದ್ದು ಇದನ್ನೇ.

ಈಗ ಕೆಲಸದ ಕ್ರಮ. ಔಷಧದ ಪಂಪಾದರೆ ಅದನ್ನು ಮೊದಲು ದೊಡ್ಡವರು ಚೆನ್ನಾಗಿ ತೊಳೆದು ಒಣಗಿಸಿ ಕೊಡಬೇಕು. ಬ್ಯಾಟರಿಯನ್ನು ಬಿಡಿಸಿ ಪಕ್ಕಕ್ಕಿಡಿ. ಯಾವ ತಂತಿ ಯಾವ ಟ್ಯಾಗಿಗೆ ಎಂಬುದನ್ನು ಬಿಚ್ಚುವ ಮುಂಚೆಯೇ ಕಾಗದದ ಮೇಲೆ ಬರೆದುಕೊಳ್ಳಿ. ಟ್ಯಾಗುಗಳು ಎರಡಿದ್ದರೆ ಸುಲಭ. ಮೂರಿರುವ ಟಾಗಲ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ನಡುವಿನದು ಕಾಮನ್.

ತಂತಿಯ ಮೇಲೆ ಸ್ಲೀವನ್ನು ಮೊದಲೇ ಏರಿಸಿ. ಬೆಸೆದ ಮೇಲೆ ಏರಿಸಲಾಗದು. ಐದಾರು ಮಿಲಿಮೀಟರ್ ಸಿಪ್ಪೆ ತೆಗೆದು ಎಳೆಗಳನ್ನು ಹೊಸೆಯಿರಿ. ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕೆರೆಯಿರಿ ಅಥವಾ ಕತ್ತರಿಸಿ. ಈಗ ತಂತಿಯ ತುದಿಗೊಮ್ಮೆ, ಟ್ಯಾಗಿಗೊಮ್ಮೆ ಬೇರೆ ಬೇರೆಯಾಗಿ ತೆಳುವಾಗಿ ಸೋಲ್ಡರ್ ಹಿಡಿಸಿ. ಇದೇ ನಮ್ಮ ಕಲಾಯಿ. ಆರಿದ ಮೇಲೆ ತಂತಿಯನ್ನು ಟ್ಯಾಗಿನ ತೂತಿಗೆ ಕೊಕ್ಕೆಯಂತೆ ಸಿಕ್ಕಿಸಿ. ಟ್ಯಾಗುಗಳು ಮೇಲ್ಮುಖವಾಗಿ ನಿಲ್ಲದಂತೆ ಸ್ವಿಚ್ಚನ್ನು ಅಡ್ಡಲಾಗಿ ಹಿಡಿಸಿ. ಇಲ್ಲವಾದರೆ ಕರಗಿದ ರಾಳ ಒಳಗಿಳಿದು ಕಾಂಟ್ಯಾಕ್ಟಿನ ಮೇಲೆ ಕೂರಬಹುದು. ಐರನ್ನಿನ ತುದಿ ಟ್ಯಾಗಿಗೂ ತಂತಿಗೂ ಒಟ್ಟಿಗೆ ತಾಗಲಿ. ಸೋಲ್ಡರನ್ನು ಐರನ್ನಿಗಲ್ಲ, ಕಾದ ಲೋಹಕ್ಕೆ ಮುಟ್ಟಿಸಿ. ಹರಿದೊಡನೆ ಮೊದಲು ಸೋಲ್ಡರ್, ಆಮೇಲೆ ಐರನ್ ತೆಗೆಯಿರಿ. ಗಟ್ಟಿಯಾಗುವವರೆಗೆ ತಂತಿ ಅಲುಗಬಾರದು. ಬಾಯಿಂದ ಊದಲೂಬೇಡಿ.

ಒಮ್ಮೆಗೆ ಆಗಲಿಲ್ಲವೆಂದರೆ ಒತ್ತಿ ಹಿಡಿದು ಕೂರಬೇಡಿ. ಬಿಟ್ಟು, ಸ್ವಿಚ್ ಆರಿದ ಮೇಲೆ ಮತ್ತೆ ಪ್ರಯತ್ನಿಸಿ. ಒಳ್ಳೆಯ ಬೆಸುಗೆ ನಯವಾಗಿ, ಅಂಚು ಲೋಹಕ್ಕೆ ಇಳಿಜಾರಾಗಿ ಹರಡಿ, ಒಳಗಿನ ಎಳೆಗಳ ಉಬ್ಬು ಕಾಣುವಂತಿರುತ್ತದೆ. ಕೆಟ್ಟದ್ದು ಗೋಲಿಯಂತೆ ಉಂಡೆಯಾಗಿ, ಮಂಕಾಗಿ, ಮರಳು ಮರಳಾಗಿರುತ್ತದೆ. ಅಂಥ ಜಾಗದಲ್ಲಿ ವಿದ್ಯುತ್ತಿಗೆ ಅಡ್ಡಿಯಾಗಿ ಬಿಸಿ ಏರುತ್ತದೆ, ಪ್ಲಾಸ್ಟಿಕ್ ಕಂದುತ್ತದೆ. ತಂತಿಯನ್ನು ಮೆಲ್ಲಗೆ ಎಳೆದು ನೋಡಿ. ಪುಟ್ಟ ಬಲ್ಬು, ಬ್ಯಾಟರಿ ಜೋಡಿಸಿ ಸ್ವಿಚ್ ಒತ್ತಿ ಪರೀಕ್ಷಿಸಿ. ಸರಿಯಿದ್ದರೆ ಮಾತ್ರ ಸ್ಲೀವ್ ಎಳೆದು ಮುಚ್ಚಿ.

ಎಚ್ಚರಿಕೆಯ ಮಾತುಗಳನ್ನು ಪಾಲಕರೂ ಕೇಳಬೇಕು. ಮನೆಯ ಗೋಡೆಯ 230 ವೋಲ್ಟಿನ ಸ್ವಿಚ್ಚು ಈ ಪಾಠಕ್ಕೆ ಸೇರಿದ್ದಲ್ಲ. ಅದಕ್ಕೆ ತಂತಿ ನಿಲ್ಲುವುದು ಸಾಮಾನ್ಯವಾಗಿ ಸ್ಕ್ರೂನಿಂದ, ಆ ಕೆಲಸ ತರಬೇತಾದ ಎಲೆಕ್ಟ್ರಿಷಿಯನ್‌ನದು. ಮಕ್ಕಳು ಕಲಿಯುವುದು ಬ್ಯಾಟರಿಯ ಸಾಧನಗಳಲ್ಲಿ, ಅದೂ ದೊಡ್ಡವರ ಎದುರಿನಲ್ಲಿ. ಸೀಸ ವಿಷ. ಸೋಲ್ಡರ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಬಾರದು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು, ಆ ಮೇಜಿನ ಮೇಲೆ ತಿಂಡಿ ಇಡಬಾರದು. ಸೀಸವಿಲ್ಲದ ಸೋಲ್ಡರ್ ಸಿಕ್ಕರೆ ಮಕ್ಕಳಿಗೆ ಅದೇ ಒಳ್ಳೆಯದು; ಅದಕ್ಕೆ ಸುಮಾರು 220 ಡಿಗ್ರಿ ಬೇಕಾಗುವುದರಿಂದ ಕೈ ಇನ್ನಷ್ಟು ಚುರುಕಾಗಿರಬೇಕು. ರಾಳದ ಹೊಗೆ ದಮ್ಮು ಇರುವವರಿಗೆ ಆಗದು, ಕಿಟಕಿ ತೆರೆದಿರಲಿ. ದುಪಟ್ಟಾ, ಸಡಿಲು ತೋಳು ಕಟ್ಟಿಕೊಳ್ಳಿ. ಕೈಜಾರಿದ ಐರನ್ನನ್ನು ಹಿಡಿಯಲು ಹೋಗದೆ ಕೆಳಗೆ ಬೀಳಲು ಬಿಡಿ. ಸುಟ್ಟರೆ ಪೇಸ್ಟು, ಶಾಯಿ ಹಚ್ಚದೆ 20 ನಿಮಿಷ ತಣ್ಣೀರು ಹರಿಸಿ.

ಕೊನೆಯದಾಗಿ ಒಂದು ವಿಚಾರ. ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು 'ಇವನನ್ನು ರಿಪೇರಿ ಅಂಗಡಿಗೆ ಹಾಕಿ' ಎನ್ನುವುದು ನಮ್ಮಲ್ಲಿ ರೂಢಿ. ಕೈಕೆಲಸವೆಂದರೆ ನಪಾಸಾದವರಿಗೆ ಕೊಡುವ ಶಿಕ್ಷೆ ಎಂಬ ಭಾವನೆ ಇದರಿಂದ ಬೆಳೆದಿದೆ. ಇದರಲ್ಲಿ ಇಬ್ಬರಿಗೂ ನಷ್ಟ. ಅಂಗಡಿಯ ಹುಡುಗನಿಗೆ ಹೇಗೆ ಎಂಬುದು ಗೊತ್ತು, ಏಕೆ ಎಂಬುದು ಗೊತ್ತಿಲ್ಲ. ಶಾಲೆಯ ಹುಡುಗನಿಗೆ ಏಕೆ ಎಂಬುದು ಬಾಯಿಪಾಠವಿದೆ, ಹೇಗೆ ಎಂಬುದು ಬಾರದು. ಹುಡುಗಿಯರಿಗಂತೂ ಐರನ್ನು ಕೈಗೆ ಕೊಡುವವರೇ ಕಡಿಮೆ; ಸೂಜಿ ಹಿಡಿದು ಸಣ್ಣ ಕಸೂತಿ ಹಾಕುವ ಕೈಗೆ ಈ ಟಾಂಕಾ ಕಷ್ಟವೇ?

1937ರಲ್ಲಿ ವಾರ್ಧಾ ಶಿಕ್ಷಣ ಯೋಜನೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನ್, ಮುಂದೆ 1967ರಲ್ಲಿ ಭಾರತದ ರಾಷ್ಟ್ರಪತಿಗಳಾದವರು. ಮಾತೃಭಾಷೆಯಲ್ಲಿ ಕಲಿಕೆ, ಅದರ ನಡುವೆ ಒಂದು ಕೈಕಸುಬು ಎಂಬುದು ಆ ಯೋಜನೆಯ ತಿರುಳು. ಕಸುಬನ್ನು ಅವರು ಶಾಲೆಯ ಹೊರಗೆ ಕಳಿಸಲಿಲ್ಲ, ಒಳಗೆ ತಂದರು. ಹಾಗೆಂದು ಮಕ್ಕಳನ್ನು ದುಡಿಮೆಗೆ ಹಚ್ಚಬೇಕೆಂದಲ್ಲ. ಕಲಿಕೆ ಬೇರೆ, ದುಡಿಮೆ ಬೇರೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಈ ಕೆಲಸದಲ್ಲಿ ಆಸಕ್ತಿ ಇರುವವರಿಗೆ ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಇದೆ. ಅಲ್ಲಿಯವರೆಗೆ ಶಾಲೆ ಬಿಡಬೇಡಿ.

ಸ್ಟೀಲ್ ಪಾತ್ರೆಗಳು ಬಂದ ಮೇಲೆ ಕಲಾಯಿಗಾರರ ಕೆಲಸ ಕುಗ್ಗಿತು. ಆದರೆ ಅವರ ಕೈಯಲ್ಲಿದ್ದ ಜ್ಞಾನ ಹಳೆಯದಾಗಿಲ್ಲ. ಅದೇ ತವರ, ಅದೇ ಕಾವು ಇಂದು ರೇಡಿಯೋದಿಂದ ಮೊಬೈಲಿನವರೆಗೆ ಎಲ್ಲವನ್ನೂ ಬೆಸೆದು ನಿಲ್ಲಿಸಿದೆ. ನಮ್ಮ ಹಿರಿಯರ ಕೈಯ ವಿದ್ಯೆ ನಮ್ಮ ಮಕ್ಕಳ ಪುಸ್ತಕದ ವಿದ್ಯೆಯೊಂದಿಗೆ ಕೂಡಬೇಕು. ಸಂಸ್ಥೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಶಾಲೆಯ ವಿಜ್ಞಾನ ಕೊಠಡಿಯಲ್ಲಿ ನಾಲ್ಕು ಐರನ್, ಒಂದು ಡಬ್ಬಿ ಹಳೆಯ ಸ್ವಿಚ್ಚುಗಳನ್ನು ಇಡಿಸಿ. ವಾರಕ್ಕೊಂದು ಗಂಟೆ ಬಲ್ಲವರೊಬ್ಬರು ಮಕ್ಕಳ ಪಕ್ಕದಲ್ಲಿ ನಿಲ್ಲಲಿ. ಹಾಳಾದ ಸ್ವಿಚ್ಚಿನ ಮೇಲೆ ಇಪ್ಪತ್ತು ಬಾರಿ ಅಭ್ಯಾಸ ಮಾಡಿದ ಕೈ ಇಪ್ಪತ್ತೊಂದನೆಯ ಬಾರಿ ರೈತನ ಪಂಪನ್ನು ಧೈರ್ಯದಿಂದ ಮುಟ್ಟಬಲ್ಲದು.