ನಮ್ಮ ಲಾನಿನ ಗೊಬ್ಬರ ಎಲ್ಲಿಗೆ ಹೋಗುತ್ತೆ?

(ದೇಹೂ ರೋಡಿನ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತು. ವಿಡಿಯೊ ನೋಡಲು ಪುರುಸೊತ್ತಿಲ್ಲದವರಿಗಾಗಿ ಬರಹದ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಷ್ಟು ಜನ ಬಂದಿದ್ದೀರಿ ಅಂದ್ರೆ ಅದು ನನ್ನ ಮಾತಿಗಲ್ಲ, ಆಮೇಲೆ ಇರೋ ಉಪ್ಪಿಟ್ಟು-ಕೇಸರಿಬಾತಿಗೆ ಅಂತ ಗೊತ್ತು. (ನಗು) ಇಪ್ಪತ್ತು ನಿಮಿಷ ಸಹಿಸಿಕೊಳ್ಳಿ.

ನಾನು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನವನು. ನಮ್ಮೂರು ಭೀಮಾ ನದಿ ದಂಡೆಯ ಮೇಲಿದೆ. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ. ಕೆಲಸ ಹಿಂಜವಡಿಯಲ್ಲಿ, ಮನೆ ಇಲ್ಲೇ ದೇಹೂ ರೋಡ್ ಕಡೆ. ನಾನು ಪರಿಸರ ವಿಜ್ಞಾನಿ ಅಲ್ಲ, ಡೇಟಾಬೇಸ್ ನೋಡಿಕೊಳ್ಳೋ ಮನುಷ್ಯ. ಇವತ್ತು ಹೇಳೋದನ್ನೆಲ್ಲ ಕಲಿತದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಹಾಗಾಗಿ ಇದು ಉಪದೇಶ ಅಲ್ಲ, ತಪ್ಪೊಪ್ಪಿಗೆ ಅಂದ್ಕೊಳ್ಳಿ.

ಮೂರು ವರ್ಷದ ಹಿಂದೆ ನಮ್ಮ ಸೊಸೈಟಿಯ ಕಮಿಟಿಯಲ್ಲಿ ನನಗೆ ಗಾರ್ಡನ್ ಜವಾಬ್ದಾರಿ ಕೊಟ್ರು. ಯಾರಿಗೂ ಬೇಡವಾದ ಖಾತೆ ಅದು. ಪಾರ್ಕಿಂಗ್ ಖಾತೆ ಇನ್ನೂ ಕಷ್ಟ ಅಂತ ಇದನ್ನ ಒಪ್ಪಿಕೊಂಡೆ. ಮೇ ತಿಂಗಳಲ್ಲಿ ಲಾನ್ ಎಲ್ಲಾ ಒಣಗಿ ಕಂದು ಬಣ್ಣ. ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಫೋಟೊ. "ಇದಕ್ಕೇನಾ ನಾವು ಮೇಂಟೆನೆನ್ಸ್ ಕಟ್ಟೋದು?" ನಾನು ರೈತನ ಮಗ ಅನ್ನೋ ಹಮ್ಮು ಬೇರೆ. ಎರಡು ಚೀಲ ಡಿಎಪಿ, ಒಂದು ಚೀಲ ಯೂರಿಯಾ ತರಿಸಿದೆ. ಜೂನ್ ಮೊದಲ ವಾರ, ಶನಿವಾರ. ಮಾಳಿ ಕಾಕಾ "ಸಾಹೇಬ್, ಮಳೆ ಬರೋ ಹಾಗಿದೆ, ಎರಡು ದಿನ ತಡೀರಿ" ಅಂದ್ರು. ಮಳೆ ಬಂದ್ರೆ ಒಳ್ಳೇದೇ ಅಲ್ವಾ, ಗೊಬ್ಬರ ಕರಗಿ ಬೇರಿಗೆ ಇಳಿಯುತ್ತೆ ಅಂತ ನಾನೇ ನಿಂತು ಹಾಕಿಸಿದೆ.

ಸಂಜೆ ಐದಕ್ಕೆ ಮಳೆ ಶುರು. ಪುಣೆಯ ಮೊದಲ ಮಳೆ ಹೇಗಿರುತ್ತೆ ನಿಮಗೆ ಗೊತ್ತು. ಮುಕ್ಕಾಲು ಗಂಟೆಯಲ್ಲಿ ಪೋಡಿಯಂ ಎಲ್ಲಾ ನೀರು. ಬೇಸಿಗೆಯಿಡೀ ಸುಟ್ಟು ಗಟ್ಟಿಯಾದ ನೆಲ, ನೀರು ಇಂಗೋದೇ ಇಲ್ಲ, ಮೇಲ್ಮೇಲೇ ಹರಿದು ಜಾಲರಿಯೊಳಗೆ ಇಳೀತು. ನಾನು ಬಾಲ್ಕನಿಯಲ್ಲಿ ಚಹಾ ಕುಡೀತಾ "ಆಹಾ" ಅಂತಿದ್ದೆ.

ನಾಲ್ಕೈದು ವಾರ ಕಳೀತು. ಮಧ್ಯೆ ಮಳೆ ಬಿಡುವು ಕೊಟ್ಟಿತ್ತು. ಸೊಸೈಟಿಯ ಹಿಂದೆ ಒಂದು ಓಢಾ ಇದೆ, ನಮ್ಮ ಭಾಷೆಯಲ್ಲಿ ಹಳ್ಳ. ಅದು ಒಂದು ಕಡೆ ತಗ್ಗಿನಲ್ಲಿ ನಿಂತು ಸಣ್ಣ ಹೊಂಡ ಆಗಿದೆ. ಆ ಹೊಂಡ ಪೂರ್ತಿ ಹಸಿರು. ಪೇಂಟ್ ಡಬ್ಬ ಸುರಿದ ಹಾಗೆ. ಒಂದು ದಿನ ಬೆಳಿಗ್ಗೆ ವಾಕಿಂಗ್ ಹೋದಾಗ ಸಣ್ಣ ಸಣ್ಣ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲ್ತಾ ಇದ್ವು. ನನ್ನ ಮಗಳು ಜೊತೆಗಿದ್ದಳು, ಆಗ ಆರು ವರ್ಷ. "ಅಪ್ಪಾ, ಇವಕ್ಕೆ ಏನಾಯ್ತು?" ಅಂದಳು. ನಾನು "ಯಾವುದೋ ಫ್ಯಾಕ್ಟರಿಯವರು ಏನೋ ಬಿಟ್ಟಿರಬೇಕು ಪುಟ್ಟಿ" ಅಂದೆ. ತಪ್ಪು ಯಾವಾಗಲೂ ಫ್ಯಾಕ್ಟರಿಯವರದ್ದೇ ಅಲ್ವಾ.

ಆ ಹೊಂಡಕ್ಕೆ ಹೋದದ್ದೆಲ್ಲ ನನ್ನ ಗೊಬ್ಬರವೇ ಅಂತ ನಾನು ಹೇಳ್ತಿಲ್ಲ. ಮೇಲಿನಿಂದ ಕೊಳಚೆ ನೀರೂ ಸೇರುತ್ತೆ. ಆದ್ರೆ ನನ್ನ ಪಾಲು ಎಷ್ಟು ಅಂತ ಕೂತು ಲೆಕ್ಕ ಹಾಕಿದೆ. ಒಂದು ಚೀಲ ಡಿಎಪಿ 50 ಕಿಲೊ. ಚೀಲದ ಮೇಲೆ 18-46 ಅಂತ ಬರೆದಿರುತ್ತೆ. ಆ 46 ರಂಜಕದ ಆಕ್ಸೈಡ್ ಲೆಕ್ಕ. ಶುದ್ಧ ರಂಜಕ, ಅಂದ್ರೆ ಫಾಸ್ಫರಸ್, ಚೀಲಕ್ಕೆ ಹೆಚ್ಚುಕಡಿಮೆ 10 ಕಿಲೊ ಬರುತ್ತೆ. ಪಾಚಿಗೆ ಬೆಳೆಯೋದಕ್ಕೆ ಬೇಕಾದದ್ದು ಬಿಸಿಲು, ನೀರು, ಇಂಗಾಲ, ಸಾರಜನಕ, ಮತ್ತೆ ಚೂರೇ ಚೂರು ರಂಜಕ. ಉಳಿದದ್ದೆಲ್ಲ ಹೇಗೋ ಸಿಗುತ್ತೆ, ಸಿಹಿನೀರಿನಲ್ಲಿ ಸಾಮಾನ್ಯವಾಗಿ ಕೊರತೆ ಬೀಳೋದು ರಂಜಕಕ್ಕೇ. ಒಂದು ಗ್ರಾಂ ರಂಜಕ ಇದ್ರೆ ಸುಮಾರು ನೂರು ಗ್ರಾಂ ಪಾಚಿ ಬೆಳೆಯಬಹುದು, ಅದೂ ಒಣಗಿಸಿದ ಮೇಲಿನ ತೂಕ. ಅಂದ್ರೆ ನನ್ನ ಎರಡು ಚೀಲ ಪೂರ್ತಿ ತೊಳೆದು ಹೋಗಿದ್ರೆ ಎರಡು ಟನ್ ಒಣ ಪಾಚಿಗೆ ಸಾಮಾನು ಒದಗಿಸಿದ ಹಾಗೆ. ಪೂರ್ತಿ ಹೋಗಿರಲಿಕ್ಕಿಲ್ಲ, ಮಣ್ಣು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೆ. ಕಾಲು ಭಾಗ ಅನ್ನಿ. ಅರ್ಧ ಟನ್!

ಇದು ಬರೀ ಲೆಕ್ಕದ ಮಾತಲ್ಲ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆ ಅಂತಲೇ ಮೀಸಲಿಟ್ಟ ಕೆರೆಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಅನ್ನೋ ವಿಜ್ಞಾನಿ ಮತ್ತು ಅವರ ತಂಡ 226ನೇ ನಂಬರಿನ ಕೆರೆಯ ನಟ್ಟನಡುವೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದ್ರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದ್ರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದ್ರು. ರಂಜಕ ಬಿದ್ದ ಕಡೆ ಹಸಿರು ಕೆಸರು, ಪಕ್ಕದ ಭಾಗ ಕಪ್ಪಗೆ ತಿಳಿಯಾಗಿ ಹಾಗೇ ಇದೆ. ಮೇಲಿನಿಂದ ತೆಗೆದ ಆ ಫೋಟೊ ಹುಡುಕಿ ನೋಡಿ, ಭಾಷಣವೇ ಬೇಡ.

ಮೀನು ಯಾಕೆ ಸತ್ತವು? ಗೊಬ್ಬರ ವಿಷ ಅಂತಲ್ಲ. ಹಗಲು ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ಅದೇ ಪಾಚಿ ಆಮ್ಲಜನಕ ಉಸಿರಾಡುತ್ತೆ. ಸತ್ತ ಪಾಚಿ ತಳಕ್ಕೆ ಹೋಗಿ ಕೊಳೆಯುವಾಗ ಬ್ಯಾಕ್ಟೀರಿಯಾ ಉಳಿದದ್ದನ್ನೂ ಎಳ್ಕೊಳ್ಳುತ್ತೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಉಳಿದಿರಲ್ಲ. ಅದಕ್ಕೇ ಇಂಥ ಕಡೆ ಮೀನು ಸಾಯೋದು ಹೆಚ್ಚಾಗಿ ಬೆಳಗಾಗೋ ಹೊತ್ತಿಗೆ.

ಇನ್ನು, ಜಾಲರಿಯೊಳಗೆ ಹೋದ ನೀರು ಎಲ್ಲಿಗೆ ಹೋಗುತ್ತೆ? ಕಮಿಟಿ ಮೀಟಿಂಗಿನಲ್ಲಿ ಈ ಪ್ರಶ್ನೆ ಕೇಳಿದೆ. ಹತ್ತರಲ್ಲಿ ಎಂಟು ಜನ "ಎಸ್‌ಟಿಪಿಗೆ" ಅಂದ್ರು. ಎಲ್ಲರೂ ಇಂಜಿನಿಯರ್‌ಗಳೇ! (ನಗು) ನಾನೂ ಹಾಗೇ ಅಂದುಕೊಂಡಿದ್ದೆ. ಬಚ್ಚಲು, ಕಕ್ಕಸು, ಅಡುಗೆಮನೆ ನೀರು ಎಸ್‌ಟಿಪಿಗೆ ಹೋಗುತ್ತೆ. ಮಳೆನೀರಿನ ಚರಂಡಿ ಬೇರೆ. ಅದು ಯಾವ ಶುದ್ಧೀಕರಣವೂ ಇಲ್ಲದೆ ಸೀದಾ ಹೊರಗೆ ಹೋಗುತ್ತೆ. ನಂಬಲಿಲ್ಲ ಯಾರೂ. ಒಂದು ಭಾನುವಾರ ಮಕ್ಕಳನ್ನೆಲ್ಲ ಸೇರಿಸಿ ಎರಡು ಬಕೆಟ್ ನೀರಿಗೆ ಅರಿಶಿನ ಕಲಸಿ ಲಾನ್ ಪಕ್ಕದ ಜಾಲರಿಗೆ ಸುರಿದು, ಹಿಂದೆ ಪೈಪಿನಿಂದ ನೀರು ಬಿಟ್ವಿ. ಅರ್ಧ ಮಕ್ಕಳು ಹಿಂದಿನ ಹಳ್ಳದ ಹತ್ತಿರ ಮೊಬೈಲ್ ಹಿಡಿದು ನಿಂತಿದ್ರು. ಏಳು ನಿಮಿಷ. "ಬಂತು, ಬಂತು, ಹಳದಿ ಬಂತು" ಅಂತ ಕಿರುಚಾಟ. ನಾನು ಮಾಡಿದ ಪವರ್‌ಪಾಯಿಂಟ್ ಯಾರೂ ನೋಡಿರಲಿಲ್ಲ, ಆ ವಿಡಿಯೊ ಎಲ್ಲರೂ ನೋಡಿದ್ರು.

ಅಲ್ಲಿಂದ ಮುಂದೆ? ದೇಹೂ ರೋಡ್ ಎರಡು ನದಿಗಳ ಮಧ್ಯೆ ಇದೆ. ಉತ್ತರಕ್ಕೆ ಇಂದ್ರಾಯಣಿ, ದಕ್ಷಿಣಕ್ಕೆ ಪವನಾ. ನಿಮ್ಮ ಮನೆ ಯಾವ ಇಳಿಜಾರಿನಲ್ಲಿದೆಯೋ ಅದರ ಮೇಲೆ ನಿಮ್ಮ ನದಿ. ಇಂದ್ರಾಯಣಿ ದೇಹೂ, ಆಳಂದಿ ದಾಟಿ ತುಳಾಪುರದಲ್ಲಿ ಭೀಮಾ ಸೇರುತ್ತೆ. ಪವನಾ ಹೋಗಿ ಮುಳಾ ಸೇರಿ, ಮುಳಾ-ಮುಠಾ ಆಗಿ, ಅದೂ ಭೀಮಾ ಸೇರುತ್ತೆ. ಯಾವ ದಾರಿ ಹಿಡಿದ್ರೂ ಉಜನಿ ಡ್ಯಾಮು. ಭಿಗವಣ ಹತ್ತಿರ ಫ್ಲೆಮಿಂಗೊ ನೋಡಕ್ಕೆ ವೀಕೆಂಡಿಗೆ ಹೋಗ್ತೀವಲ್ಲ, ಅದು ಉಜನಿ ಹಿನ್ನೀರೇ. ಅಲ್ಲಿಂದ ಪಂಢರಪುರ, ಅಲ್ಲಿ ಚಂದ್ರಭಾಗಾ ಅಂತ ಹೆಸರು. ಅಲ್ಲಿಂದ ಮುಂದೆ ನಮ್ಮ ಇಂಡಿ, ಅಫಜಲಪುರ, ಗಾಣಗಾಪುರ, ಸನ್ನತಿ, ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ. ಒಟ್ಟು 861 ಕಿಲೊಮೀಟರ್ ನದಿ.

ಜೂನ್‌ನಲ್ಲಿ ತುಕಾರಾಮರ ಪಾಲಖಿ ದೇಹೂವಿನಿಂದ ಹೊರಟು ನಮ್ಮ ಹೈವೇ ಮೇಲೇ ಹೋಗುತ್ತೆ. ನಾವೂ ನೀರು, ಬಾಳೆಹಣ್ಣು ಕೊಡ್ತೀವಿ. ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನ ಕನ್ನಡದವನು ಅಂತಲೇ ಕರೆದಿದ್ದಾರೆ, ಅದಕ್ಕೆ ನಮಗೆ ಒಂದು ಕೈ ಜಾಸ್ತಿ ಅಭಿಮಾನ. ವಾರಕರಿಗಳು ನಡ್ಕೊಂಡು ಪಂಢರಪುರಕ್ಕೆ ಹೋಗ್ತಾರೆ. ನನ್ನ ಡಿಎಪಿ ಅದೇ ತಿಂಗಳಲ್ಲಿ ನದಿ ಹಿಡ್ಕೊಂಡು ಅಲ್ಲಿಗೇ ಹೋಗ್ತಾ ಇತ್ತು.

ಮುಂದಿನ ವರ್ಷ ಬೇಸಿಗೆಯಲ್ಲಿ ಅಪ್ಪನ ಫೋನು. ಸೋಲಾಪುರದ ಕುಡಿಯೋ ನೀರಿಗೆ ಉಜನಿಯಿಂದ ನದಿಗೆ ನೀರು ಬಿಡ್ತಾರೆ, ಗಡಿಯ ಹತ್ತಿರದ ಊರುಗಳು ಅದನ್ನೇ ಕಾಯ್ತಾ ಇರ್ತವೆ. ಅಪ್ಪ ಹೇಳಿದ್ದು ಹೀಗೆ: "ತಮ್ಮಾ, ನಿಮ್ಮ ಪುಣೇದ ನೀರು ಬಂದೈತಿ ನೋಡು. ಹಸರ ಹಸರ ಐತಿ. ಎಮ್ಮಿ ಸೈತ ಮೂಸಿ ನೋಡಿ ಹೊಳ್ಳಿ ಬಂದ್ವು." ನಾನು ಸುಮ್ಮನಿದ್ದೆ. ಆಮೇಲೆ ಡಿಎಪಿ ಕಥೆ ಹೇಳಿದೆ. ಅಪ್ಪ ನಕ್ಕುಬಿಟ್ಟರು. "ರೋಹಿಣಿ ಮಳಿ ಹೊಡತಕ್ಕ ಯಾರರ ಗೊಬ್ಬರ ಚೆಲ್ಲತಾರೇನೋ? ಓದಿಸಿದ್ದು ಹೆಚ್ಚಾತು ನಿನ್ನ."

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅಪ್ಪ ನೋಡಿದ ಹಸಿರು ನನ್ನ ಎರಡು ಚೀಲದಿಂದ ಬಂದದ್ದಲ್ಲ. ದೊಡ್ಡ ಪಾಲು ಪುಣೆ, ಪಿಂಪ್ರಿ-ಚಿಂಚವಡದ ಕೊಳಚೆ ನೀರು. ಆಮೇಲೆ ದಾರಿಯುದ್ದಕ್ಕೂ ಕಬ್ಬಿನ ಹೊಲ, ಅದರಲ್ಲಿ ನಮ್ಮಪ್ಪನ ಎರಡು ಎಕರೆಯಂಥವೂ ಸೇರಿದ್ವು. ರಂಜಕದ ಬಹಳಷ್ಟು ಭಾಗ ಉಜನಿ ತಳದಲ್ಲೇ ಕೂತುಬಿಡುತ್ತೆ, ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ಮೇಲೇಳುತ್ತೆ. ಇನ್ನೊಂದು, ಆಳಂದಿಯಲ್ಲಿ ಇಂದ್ರಾಯಣಿ ಮೇಲೆ ಬಿಳಿ ನೊರೆ ಬರುತ್ತಲ್ಲ, ಅದನ್ನ ಇದಕ್ಕೆ ಸೇರಿಸಬೇಡಿ. ಅದು ಸೋಪು, ಡಿಟರ್ಜೆಂಟು, ಕಾರ್ಖಾನೆ ರಾಸಾಯನಿಕದ ಕಥೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನೋಡಿದವರಿಗೆ ಗೊತ್ತು, 2015ರಲ್ಲಿ ಅಲ್ಲಿ ನೊರೆಗೇ ಬೆಂಕಿ ಹತ್ತಿತ್ತು. ನೊರೆ ಕಣ್ಣಿಗೆ ಕಾಣುತ್ತೆ, ಟಿವಿಯಲ್ಲಿ ಬರುತ್ತೆ. ಗೊಬ್ಬರ ಕರಗಿದ ನೀರು ನೋಡೋಕೆ ತಿಳಿಯಾಗೇ ಇರುತ್ತೆ, ಅದೇ ತೊಂದರೆ.

ನಮ್ಮ ಮೀಟಿಂಗಿನಲ್ಲೂ ಒಬ್ಬ ಹಿರಿಯರು ಇದನ್ನೇ ಕೇಳಿದ್ರು: "ಇಡೀ ಊರಿನ ಗಟಾರ ನದಿಗೆ ಹೋಗ್ತಿರುವಾಗ ನಮ್ಮ ಲಾನ್ ಒಂದು ಲೆಕ್ಕವಾ?" ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಇದ್ದ ಉತ್ತರ ಇಷ್ಟೇ. ಊರಿನ ಗಟಾರ ನನ್ನ ಸಹಿಯಿಂದ ನಿಲ್ಲಲ್ಲ. ಗೊಬ್ಬರದ ಬಿಲ್ಲಿನ ಮೇಲೆ ನನ್ನ ಸಹಿ ಇದೆ.

ಅವರು ಒಪ್ಪಲಿಲ್ಲ. ಒಪ್ಪಿದ್ದು ಇನ್ನೊಂದು ಲೆಕ್ಕಕ್ಕೆ. ನಮ್ಮ ಗಾರ್ಡನ್‌ಗೆ ಹಾಕೋದು ಎಸ್‌ಟಿಪಿಯ ಸಂಸ್ಕರಿಸಿದ ನೀರು. ಸಾಮಾನ್ಯ ಎಸ್‌ಟಿಪಿ ವಾಸನೆ ತೆಗೆಯುತ್ತೆ, ಕೊಳೆ ತೆಗೆಯುತ್ತೆ, ಆದ್ರೆ ರಂಜಕವನ್ನ ಪೂರ್ತಿ ತೆಗೆಯಲ್ಲ. ಲೀಟರಿಗೆ 4 ಮಿಲಿಗ್ರಾಂ ಉಳಿದಿದೆ ಅಂತ ಇಟ್ಕೊಳ್ಳಿ. ದಿನಕ್ಕೆ 20,000 ಲೀಟರ್ ಹಾಕಿದ್ರೆ 80 ಗ್ರಾಂ. ಮಳೆಯಿಲ್ಲದ ಎಂಟು ತಿಂಗಳಿಗೆ 19 ಕಿಲೊ. ಎರಡು ಚೀಲ ಡಿಎಪಿಯಲ್ಲಿರೋದು 20 ಕಿಲೊ! ಅಂದ್ರೆ ನಾವು ಈಗಾಗಲೇ ಪುಕ್ಕಟೆ ಹಾಕ್ತಾ ಇರೋ ಗೊಬ್ಬರವನ್ನೇ ದುಡ್ಡು ಕೊಟ್ಟು ಇನ್ನೊಮ್ಮೆ ತರಿಸಿದ್ವಿ. ದುಡ್ಡಿನ ಮಾತು ಬಂದ ಕೂಡಲೇ ಖಜಾಂಚಿ ನನ್ನ ಪಕ್ಷ ಸೇರಿದ್ರು.

ಈಗ ನಮ್ಮಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಲಾನಿಗೆ ಗೊಬ್ಬರ ಬಂದ್. ಈ ತಾರೀಕು ನಾನು ಅಮೆರಿಕದಿಂದ ಕದ್ದದ್ದು. ಫ್ಲೋರಿಡಾದಲ್ಲಿ ಇಂಡಿಯನ್ ರಿವರ್ ಲಗೂನ್ ಅಂತ ಇದೆ, ಕಡಲ ಪಕ್ಕದ ಉಪ್ಪುನೀರಿನ ಸರೋವರ, ನಮ್ಮ ಚಿಲಿಕಾ ತರಹ. ಸುತ್ತಲಿನ ಮನೆಗಳ ಲಾನು, ಸೆಪ್ಟಿಕ್ ಟ್ಯಾಂಕು, ಮಳೆನೀರು ಎಲ್ಲಾ ಸೇರಿ ಪಾಚಿ ಎದ್ದು, ಬಿಸಿಲು ತಳಕ್ಕೆ ಇಳಿಯದೆ ನೀರೊಳಗಿನ ಹುಲ್ಲು ಸತ್ತಿತು. ಆ ಹುಲ್ಲು ತಿಂದು ಬದುಕೋ ಮ್ಯಾನಟಿ ಅನ್ನೋ ಪ್ರಾಣಿ, ಕಡಲ ಹಸು ಅಂತಾರಲ್ಲ, ಅವು ಹಸಿವಿನಿಂದ ಸಾಯತೊಡಗಿದ್ವು. 2021 ಒಂದೇ ವರ್ಷ ಫ್ಲೋರಿಡಾದಲ್ಲಿ ಬೇರೆ ಬೇರೆ ಕಾರಣಕ್ಕೆ 1,100ಕ್ಕೂ ಹೆಚ್ಚು ಸತ್ತವು, ಹಸಿವು ಅದರಲ್ಲಿ ದೊಡ್ಡ ಕಾರಣ. ಅಲ್ಲಿನ ಹಲವು ಸ್ಥಳೀಯ ಆಡಳಿತಗಳು ಮಳೆಗಾಲದ ಈ ನಾಲ್ಕು ತಿಂಗಳು ಲಾನಿಗೆ ಸಾರಜನಕ, ರಂಜಕ ಹಾಕೋದನ್ನ ನಿಷೇಧಿಸಿವೆ. ಅವರ ಮಳೆಗಾಲವೂ ನಮ್ಮ ಮಳೆಗಾಲವೂ ಕ್ಯಾಲೆಂಡರಿನಲ್ಲಿ ಒಂದೇ, ನನಗೆ ಅದೇ ಸಾಕಾಯ್ತು.

ಹುಲ್ಲು ಕತ್ತರಿಸಿದ ಚೂರನ್ನ ಅಲ್ಲೇ ಬಿಡ್ತೀವಿ, ಜಾಲರಿಗೆ ಗುಡಿಸಲ್ಲ. ಜಾಲರಿ ಸುತ್ತ ಎರಡು ಅಡಿ ಲಾನ್ ಕಿತ್ತು ಗರಿಕೆ, ಲಾವಂಚ ಹಚ್ಚಿದ್ದೀವಿ, ನೀರು ಅಲ್ಲಿ ಸ್ವಲ್ಪ ತಡೆದು ಇಳಿಯುತ್ತೆ. ಕಾರು ತೊಳೆಯೋದನ್ನ ನಿಲ್ಲಿಸೋಕೆ ಇನ್ನೂ ಆಗಿಲ್ಲ, ಆ ಜಗಳ ನಡೀತಾ ಇದೆ. ಲಾನ್ ಹೇಗಿದೆ ಅಂತೀರಾ? ಬಿ ವಿಂಗ್ ಎದುರು ಒಂದು ಕಡೆ ಮೇ ತಿಂಗಳಲ್ಲಿ ಕಂದು ಆಗೇ ಆಗುತ್ತೆ. ಫೋಟೊ ಬರ್ತಾನೇ ಇರುತ್ತೆ. ಹೊಂಡ ಹೋದ ವರ್ಷ ಅಷ್ಟು ಹಸಿರಾಗಲಿಲ್ಲ. ಆದ್ರೆ ಹೋದ ವರ್ಷ ಮಳೆ ಬಿಡದೆ ಹೊಡೆದು ಹೊಂಡದ ನೀರು ನಿಲ್ಲಲೇ ಇಲ್ಲ, ಹಾಗಾಗಿ ಅದು ನಮ್ಮಿಂದಲೇ ಅಂತ ಹೇಳೋ ಧೈರ್ಯ ನನಗಿಲ್ಲ.

ಮಗಳಿಗೆ ನಿಜ ಹೇಳಿದ್ದು ಅರಿಶಿನದ ಭಾನುವಾರ. ಹಳದಿ ನೀರು ಹೊಂಡಕ್ಕೆ ಸೇರೋದನ್ನ ನೋಡ್ತಾ ನಿಂತಿದ್ದಳು. "ಅವತ್ತು ಫ್ಯಾಕ್ಟರಿ ಅಂದಿದ್ದೆಯಲ್ಲಾ ಅಪ್ಪಾ?" ಅಂದಳು. "ಹೌದು, ಗೊತ್ತಿಲ್ಲದೆ ಹೇಳಿದ್ದೆ. ಅಪ್ಪನೂ ಒಂದಿಷ್ಟು ಹಾಕಿದ್ದ" ಅಂದೆ.

ನನ್ನದಿಷ್ಟೇ. ಏನಾದ್ರೂ ಕೇಳೋದಿದ್ರೆ ಕೇಳಿ.

(ಸಭೆಯಿಂದ: ಬಾಲ್ಕನಿ ಕುಂಡಕ್ಕೂ ಹಾಕಬಾರದಾ?)

ಹಾಕಿ ಅಮ್ಮಾ, ಯಾಕೆ ಬೇಡ. ಒಂದು ಚಿಟಿಕೆ, ಮಣ್ಣು ಕೆದಕಿ ಒಳಗೆ. ಅಡುಗೆಮನೆ ಕಾಂಪೋಸ್ಟ್ ಇದ್ರೆ ಅದೇ ಸಾಕು, ಆದ್ರೆ ಅದನ್ನೂ ಅಳತೆಯಲ್ಲಿ. ಕುಂಡದ ತೂತಿನಿಂದ ಕೆಂಚು ನೀರು ಸುರಿಯೋ ಹಾಗೆ ಹಾಕಬೇಡಿ. ನಿಮ್ಮ ಬಾಲ್ಕನಿ ಪೈಪು ಎಲ್ಲಿಗೆ ಹೋಗುತ್ತೆ ನೋಡಿದ್ದೀರಾ? ಮನೇಲಿ ಅರಿಶಿನ ಇರುತ್ತಲ್ಲ, ಸುರಿದು ನೋಡಿ. ಕೆಳಗಿನ ಮನೆಯವರು ಬಟ್ಟೆ ಒಣಗಿಸಿಲ್ಲದ ಹೊತ್ತು ನೋಡ್ಕೊಳ್ಳಿ ಅಷ್ಟೇ. (ನಗು)