ಪರದೆಯ ಹಿಂದಿನ ದೀಪ

ತೊಗಲುಗೊಂಬೆಯನ್ನು ಎಂದಾದರೂ ಬಿಸಿಲಿಗೆ ಹಿಡಿದು ನೋಡಿದ್ದೀರಾ? ಚಾಪೆಯ ಮೇಲೆ ಮಲಗಿದ್ದಾಗ ಅದು ಬಣ್ಣ ಮಾಸಿದ ಚರ್ಮದ ತುಂಡು. ಎತ್ತಿ ಬೆಳಕಿಗೆ ಅಡ್ಡ ಹಿಡಿದರೆ ಕೆಂಪು, ಹಸಿರು ಎಲ್ಲ ಜೀವ ತಳೆಯುತ್ತವೆ. ಚರ್ಮದಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳೇ ಕಿರೀಟದ ಹರಳಾಗಿ, ಸೀರೆಯ ಅಂಚಾಗಿ, ಕೊರಳ ಸರವಾಗಿ ಮಿನುಗುತ್ತವೆ. ಆಡಿನ ಚರ್ಮದ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿದ ಕೈಗಳ ತಾಳ್ಮೆ ಅದರಲ್ಲಿದೆ.

ನಮ್ಮ ತೊಗಲುಗೊಂಬೆಯಾಟದಲ್ಲಿ ನನ್ನನ್ನು ಸದಾ ಬೆರಗುಗೊಳಿಸುವ ಒಂದು ಸಂಗತಿಯಿದೆ. ಕೆಲವು ಗೊಂಬೆಗಳಲ್ಲಿ ಇರುವುದು ಒಬ್ಬ ಪಾತ್ರಧಾರಿಯಲ್ಲ, ಇಡೀ ಒಂದು ಸನ್ನಿವೇಶ. ಒಂದೇ ತೊಗಲಿನಲ್ಲಿ ರಾಜ, ಪರಿವಾರ, ಮರ, ಹಕ್ಕಿ ಎಲ್ಲ ಸೇರಿರುತ್ತವೆ. ದೇವರು, ದೊರೆಗಳ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಆದರೂ ಜನ ಕಾಯುವುದು ನಗಿಸಲು ಬರುವ ಕಿಳ್ಳೇಕ್ಯಾತನಿಗೆ, ಅವನ ಜೊತೆಗಾತಿ ಬಂಗಾರಕ್ಕನಿಗೆ. ರಾಮಾಯಣದ ನಡುವೆಯೇ ನುಗ್ಗಿ ಅವರು ಆಯಾ ಊರಿನ ಸುದ್ದಿಯನ್ನೇ ಎತ್ತಿ ಮಾತಾಡುತ್ತಾರೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 90 ದಾಟಿತ್ತು. ಬದುಕಿನುದ್ದಕ್ಕೂ ಗೊಂಬೆ ಕುಣಿಸಿದ ಆ ತಾಯಿಯ ಹೆಸರು ಕೇಳಿ ನನಗೆ ಹಿಗ್ಗಾಯಿತು. ಇಷ್ಟು ತಡವಾಯಿತಲ್ಲ ಎಂಬ ಸಂಕಟವೂ ಆಯಿತು.

ನಿಮ್ಮೂರ ಹತ್ತಿರ ಎಲ್ಲಾದರೂ ಆಟವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದೆ ಕೂತು ನೋಡಲಿ. ಆಮೇಲೆ ಕಲಾವಿದರನ್ನು ಕೇಳಿಕೊಂಡು ಒಂದು ಗಳಿಗೆ ಪರದೆಯ ಹಿಂದೆಯೂ ಕೂರಿಸಿ. ದೀಪದ ಬಿಸಿಗೆ ಬೆವರುತ್ತಾ ಒಬ್ಬರೇ ರಾಮನಾಗಿ, ರಾವಣನಾಗಿ ಮಾತಾಡುವುದನ್ನು ಅಲ್ಲಿಂದ ನೋಡಬೇಕು.